ಪದ ಒಡೆಯಲು ಕಲಿಸಿದ ಮೇಷ್ಟ್ರು: ನೋವಾ ವೆಬ್‌ಸ್ಟರ್

ನೋವಾ ವೆಬ್‌ಸ್ಟರ್ ಹುಟ್ಟಿದ್ದು 1758ರ ಅಕ್ಟೋಬರ್ 16ರಂದು, ಅಮೆರಿಕದ ಕನೆಕ್ಟಿಕಟ್ ಪ್ರಾಂತ್ಯದ ಹಾರ್ಟ್‌ಫರ್ಡ್ ಬಳಿಯ ಒಂದು ರೈತ ಮನೆತನದಲ್ಲಿ. ಮಗನನ್ನು ಯೇಲ್ ಕಾಲೇಜಿನಲ್ಲಿ ಓದಿಸಲು ತಂದೆ ಜಮೀನು ಅಡವಿಟ್ಟರು. 1778ರಲ್ಲಿ ಪದವಿಯೇನೋ ಬಂತು. ಕಾನೂನು ಓದುವ ಆಸೆಯೂ ಇತ್ತು, ಆದರೆ ಕೈಯಲ್ಲಿ ಹಣವಿರಲಿಲ್ಲ. ಹೊಟ್ಟೆಪಾಡಿಗಾಗಿ ಶಾಲೆಯಲ್ಲಿ ಪಾಠ ಹೇಳತೊಡಗಿದರು.

ಆಗ ಅಲ್ಲಿನ ಶಾಲೆಗಳಲ್ಲಿ ನಡೆಯುತ್ತಿದ್ದುದು ಇಂಗ್ಲೆಂಡಿನ ಥಾಮಸ್ ಡಿಲ್‌ವರ್ತ್ ಬರೆದ ಕಾಗುಣಿತ ಪುಸ್ತಕ. ಅದರಲ್ಲಿ ಪದಗಳನ್ನು ಅಡ್ಡಗೆರೆ ಹಾಕಿ ಒಡೆದು ತೋರಿಸುತ್ತಿದ್ದರು. ಕ್ಲಸ್ಟರ್ ಎಂಬ ಪದವನ್ನು 'ಯು' ಆದ ಕೂಡಲೇ ಒಡೆದರೆ ಮಗು ಅದನ್ನು 'ಕ್ಲೂ-ಸ್ಟರ್' ಎಂದು ಓದುತ್ತದೆ. ಹ್ಯಾಬಿಟ್ ಪದವನ್ನು 'ಎ' ಆದ ಮೇಲೆ ಒಡೆದರೆ 'ಹೇ-ಬಿಟ್' ಆಗುತ್ತದೆ. ವೆಬ್‌ಸ್ಟರ್ ಹಿಡಿದದ್ದು ಇದೇ ಎಳೆಯನ್ನು. ಸ್ವರ ಹ್ರಸ್ವವಾಗಿದ್ದರೆ ಮುಂದಿನ ವ್ಯಂಜನವನ್ನು ಅದರ ಜೊತೆಗೇ ಇಡಬೇಕು: ಕ್ಲಸ್-ಟರ್, ಹ್ಯಾಬ್-ಇಟ್. ನೇಷನ್ ಪದದ ಕೊನೆಯ 'ಟಿ-ಐ-ಒ-ಎನ್' ಎರಡು ತುಂಡಲ್ಲ, ಒಂದೇ. ಒಟ್ಟಿನಲ್ಲಿ, ಬಾಯಿ ಹೇಗೆ ಹೇಳುತ್ತದೋ ಕಣ್ಣಿಗೂ ಹಾಗೇ ಕಾಣಬೇಕು.

ನಮ್ಮ ಮಕ್ಕಳಿಗೆ ಈ ತೊಡಕು ಏನೆಂದೇ ಮೊದಲು ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆದ ಒಂದೊಂದು ಅಕ್ಷರವೂ ಹೆಚ್ಚುಕಡಿಮೆ ಉಚ್ಚಾರದ ಒಂದು ತುಂಡೇ. ಇಂಗ್ಲಿಷಿನಲ್ಲಿ ತುಂಡು ಎಲ್ಲಿ ಮುಗಿಯಿತೆಂದು ಅಕ್ಷರಗಳು ಹೇಳುವುದಿಲ್ಲ.

1783ರಲ್ಲಿ ಹೊರಬಂದ ವೆಬ್‌ಸ್ಟರ್ ಅವರ ಪುಸ್ತಕ ಮುಂದೆ ನೀಲಿ ರಟ್ಟಿನ ಸ್ಪೆಲ್ಲರ್ ಎಂದೇ ಹೆಸರಾಯಿತು; ಕೋಟಿಗಟ್ಟಲೆ ಪ್ರತಿ ಖರ್ಚಾದವು. ಆದರೆ ಅದರ ಹೆಚ್ಚಿನ ಪದಪಟ್ಟಿಗಳಲ್ಲಿ ಅರ್ಥವೇ ಇರಲಿಲ್ಲ. ಮಗು ತಪ್ಪಿಲ್ಲದೆ ಓದಿತು, ಆದರೆ ಓದಿದ್ದೇನು? ವಿಜ್ಞಾನ ಕಲಿಸುವ ನಮಗೆ ಇದು ಸಣ್ಣ ಪ್ರಶ್ನೆಯಲ್ಲ. ಧ್ವನಿಯಂತೆ ಒಡೆದರೆ ಥರ್ಮಾಮೀಟರ್ 'ಥರ್-ಮಾಮ್-ಇ-ಟರ್' ಆಗುತ್ತದೆ. ಉಚ್ಚಾರ ಸರಿ, ಅರ್ಥ ಚೂರುಚೂರು. 'ಥರ್ಮೊ' ಮತ್ತು 'ಮೀಟರ್' ಎಂದು ಒಡೆದಾಗಲೇ ಶಾಖ, ಅಳತೆ ಎರಡೂ ಕಾಣುವುದು. ಬ್ರಿಟಿಷ್ ಮುದ್ರಕರು ಬಹುಕಾಲ ಈ ಎರಡನೇ ದಾರಿಯತ್ತಲೇ ವಾಲಿದ್ದರು. ಓದಿಸುವಾಗ ಒಂದು, ಅರ್ಥ ಬಿಡಿಸುವಾಗ ಇನ್ನೊಂದು, ಎರಡೂ ಬೇಕೆಂದು ನನ್ನ ಅಭಿಪ್ರಾಯ. ಕಪ್ಪುಹಲಗೆಯ ಮೇಲೆ ಎರಡನ್ನೂ ಒಂದರ ಕೆಳಗೊಂದು ಬರೆಯಲು ಅರ್ಧ ನಿಮಿಷವೂ ಬೇಡ.

ಅರ್ಥದ ಕೆಲಸಕ್ಕೆ ವೆಬ್‌ಸ್ಟರ್ ತಡವಾಗಿ ಕೈಹಾಕಿದರು, ಆದರೆ ಜೀವಮಾನವನ್ನೇ ಸುರಿದರು. 1806ರಲ್ಲಿ ಚಿಕ್ಕ ನಿಘಂಟು ಬಂತು. ದೊಡ್ಡದಕ್ಕಾಗಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ತಿರುವಿಹಾಕಿದರು, ಪ್ಯಾರಿಸಿಗೆ ಹೋದರು, 1825ರ ಜನವರಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಬರವಣಿಗೆ ಮುಗಿಸಿದರು. 1828ರಲ್ಲಿ, ತಮ್ಮ ಎಪ್ಪತ್ತನೇ ವಯಸ್ಸಿಗೆ, ಸುಮಾರು 70,000 ಪದಗಳ ನಿಘಂಟನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಕಾಗುಣಿತವನ್ನೂ ತಿದ್ದಿದರು: ಕಲರ್ ಪದದ 'ಯು' ಬಿಟ್ಟದ್ದು ಅಮೆರಿಕದಲ್ಲಿ ನಿಂತಿತು, ಟಂಗ್ ಪದವನ್ನು 'ಟಿ-ಯು-ಎನ್-ಜಿ' ಎಂದು ಬರೆಯಿರಿ ಎಂದಾಗ ಯಾರೂ ಕಿವಿಗೊಡಲಿಲ್ಲ.

ನಿಘಂಟು ಹಣ ತರಲಿಲ್ಲ. ಎರಡನೇ ಮುದ್ರಣಕ್ಕಾಗಿ, ಹಿಂದೆ ತಂದೆ ಜಮೀನು ಅಡವಿಟ್ಟಂತೆ, ಮುದುಕ ಮಗ ಮನೆ ಅಡವಿಟ್ಟರು. 1843ರ ಮೇ 28ರಂದು ನ್ಯೂ ಹೇವನ್‌ನಲ್ಲಿ ತೀರಿಕೊಂಡರು. ನಿಘಂಟಿನ ಹಕ್ಕನ್ನು ಮೆರಿಯಮ್ ಸಹೋದರರು ಕೊಂಡರು. ಪದಗಳ ಮೂಲದ ಬಗ್ಗೆ ವೆಬ್‌ಸ್ಟರ್ ಬರೆದಿದ್ದರಲ್ಲಿ ಬಹಳಷ್ಟು ಊಹೆಯೇ ಆಗಿದ್ದರಿಂದ 1864ರ ಆವೃತ್ತಿಗೆ ಜರ್ಮನ್ ವಿದ್ವಾಂಸ ಮಾನ್ ಆ ಭಾಗವನ್ನು ಹೊಸದಾಗಿ ಬರೆದರು.