ಸೊಳ್ಳೆಯ ಬೆನ್ನು ಹತ್ತಿದ ರೊನಾಲ್ಡ್ ರಾಸ್: ನೀರಂಚಿನ ವಸತಿಗೆ ಬೆಂಗಳೂರಿನ ಪೀಪಾಯಿ ಹೇಳುವ ಪಾಠ

ಶಿರಸಿ: ಹೊಳೆಯ ದಂಡೆಯಲ್ಲಿ ಮನೆ ಮಾಡುವುದೆಂದರೆ ಒಂದು ಕಾಲಕ್ಕೆ ಘಟ್ಟದ ಮೇಲಿನ ಜನ ಅಂಜುತ್ತಿದ್ದ ಸಂಗತಿ. ಇಂದು ಅದೇ ದಂಡೆಗೆ ಬೆಲೆ ಬಂದಿದೆ. ಅಘನಾಶಿನಿ, ಶಾಲ್ಮಲಾ, ಬೇಡ್ತಿ ಹೊಳೆಗಳ ಸೀಮೆಯಾದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಉಂಚಳ್ಳಿ, ಮಾಗೋಡು, ಸಾತೊಡ್ಡಿ ಜಲಪಾತಗಳನ್ನು ನೋಡಲು ಬರುವವರು ರಾತ್ರಿ ಉಳಿಯಲು ಕೇಳುವುದು ನೀರು ಕಾಣುವ ಕೋಣೆಯನ್ನೇ. ಹಳ್ಳದ ಬದಿಯಲ್ಲಿ, ಕೆರೆಯ ಏರಿಯ ಕೆಳಗೆ, ಅಡಿಕೆ ತೋಟದ ಅಂಚಿನಲ್ಲಿ ಹೋಂಸ್ಟೇ, ಕಾಟೇಜುಗಳು ತಲೆಯೆತ್ತಿವೆ. ಬುಕಿಂಗ್‌ಗೆ ಮೊದಲು ಪ್ರವಾಸಿಗರು ಕೇಳುವ ಪ್ರಶ್ನೆ ಮಾತ್ರ ಬಹುತೇಕ ಒಂದೇ. ಸೊಳ್ಳೆ ಕಾಟ ಇದೆಯೇ?

ಈ ಪ್ರಶ್ನೆಯನ್ನು ನೂರನಲವತ್ತು ವರ್ಷಗಳ ಹಿಂದೆ ನಮ್ಮದೇ ನಾಡಿನ ಬಂಗಲೆಯೊಂದರಲ್ಲಿ ಕುಳಿತು ತನಗೆ ತಾನೇ ಕೇಳಿಕೊಂಡ ವೈದ್ಯನೊಬ್ಬನಿದ್ದ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟು 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸರ್ ರೊನಾಲ್ಡ್ ರಾಸ್ ಅವರೇ ಆ ವೈದ್ಯರು. ಅವರ ಸಂಶೋಧನೆಯೊಂದಿಗೆ ಸಿಕಂದರಾಬಾದಿನ ಹೆಸರು ಸೇರಿಕೊಂಡಿದೆ. ಆದರೆ ಅದರ ಮೊದಲ ಎಳೆ ಬೆಂಗಳೂರಿನಲ್ಲಿದೆ ಎಂಬುದು ಅನೇಕರಿಗೆ ತಿಳಿಯದ ವಿಷಯ.

ಮನಸ್ಸಿಲ್ಲದ ವೈದ್ಯ

ರಾಸ್ ಜನಿಸಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗಿನ್ನೂ ಮೂರು ದಿನ ಕಳೆದಿತ್ತು. ತಂದೆ ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಅಧಿಕಾರಿ. ಎಂಟನೆಯ ವಯಸ್ಸಿಗೆ ಶಿಕ್ಷಣಕ್ಕಾಗಿ ಇಂಗ್ಲೆಂಡಿಗೆ ಹೋದ ಬಾಲಕನಿಗೆ ಕಾವ್ಯ, ಸಂಗೀತ, ಚಿತ್ರಕಲೆ, ಗಣಿತಗಳಲ್ಲಿ ಒಲವು. ಮಗ ವೈದ್ಯನಾಗಿ ಭಾರತದ ಸೇವೆಗೆ ಸೇರಬೇಕೆಂಬುದು ತಂದೆಯ ಹಟ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರ ಕಲಿಯುವಾಗಲೂ ಅವರ ಮನಸ್ಸು ಬೇರೆಡೆಗೇ ಇತ್ತು. ಪರೀಕ್ಷೆಯೊಂದರಲ್ಲಿ ಅನುತ್ತೀರ್ಣರಾಗಿ, ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಹಡಗಿನಲ್ಲಿ ಕೆಲಕಾಲ ವೈದ್ಯರಾಗಿ ದುಡಿದು, ಕೊನೆಗೆ 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದರಾಸಿಗೆ ಬಂದರು.

ಬೆಂಗಳೂರಿನ ಪೀಪಾಯಿ

1883ರಲ್ಲಿ ರಾಸ್ ಬೆಂಗಳೂರಿನ ದಂಡು ಪ್ರದೇಶಕ್ಕೆ ಹಂಗಾಮಿ ವೈದ್ಯಾಧಿಕಾರಿಯಾಗಿ ನೇಮಕಗೊಂಡರು. ವಾಸಕ್ಕೆ ಸಿಕ್ಕ ಬಂಗಲೆ ಸೊಗಸಾಗಿತ್ತು. ಸೊಳ್ಳೆಗಳ ಉಪದ್ರವ ಮಾತ್ರ ಸಹಿಸಲಸಾಧ್ಯವಾಗಿತ್ತು. ತಮ್ಮ ಕೋಣೆಯಲ್ಲಿಯೇ ಅವು ಏಕೆ ಹೆಚ್ಚು ಎಂದು ಹುಡುಕುತ್ತ ಹೋದ ಅವರಿಗೆ ಕಿಟಕಿಯ ಹೊರಗೆ ಇರಿಸಿದ್ದ ನೀರಿನ ಪೀಪಾಯಿ ಕಾಣಿಸಿತು. ಬಗ್ಗಿ ನೋಡಿದರೆ ಒಳಗೆ ಮಿಜಿಗುಡುವ ಮರಿಹುಳುಗಳು. ಪೀಪಾಯಿಯನ್ನು ಮಗುಚಿ ನೀರು ಚೆಲ್ಲಿಸಿದರು. ಸೊಳ್ಳೆ ಇಳಿಮುಖವಾಯಿತು.

ಇಷ್ಟು ಸುಲಭದ ಉಪಾಯವನ್ನು ಸೈನ್ಯಾಧಿಕಾರಿಗಳ ಭೋಜನಗೃಹದಲ್ಲಿಯೂ ಅನುಸರಿಸೋಣ, ಅಲ್ಲಿನ ತೊಟ್ಟಿ ಹೂದಾನಿಗಳ ನೀರನ್ನೂ ಚೆಲ್ಲಿಸೋಣ ಎಂದು ರಾಸ್ ಸಲಹೆ ಕೊಟ್ಟಾಗ ಮೇಲಿನ ಅಧಿಕಾರಿ ಒಪ್ಪಲಿಲ್ಲ. ಸೃಷ್ಟಿಕ್ರಮಕ್ಕೆ ಕೈಹಾಕುವುದು ಸಲ್ಲದೆಂಬುದು ಆತನ ನಿಲುವಾಗಿತ್ತು. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆಯೆಂದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. ಆದರೆ ಸೊಳ್ಳೆ ಗಾಳಿಯಲ್ಲಿ ಎಲ್ಲಿಂದಲೋ ತೇಲಿಬರುವುದಿಲ್ಲ, ಮನೆಯವರೇ ಇಟ್ಟ ನೀರಿನಲ್ಲಿ ಹುಟ್ಟುತ್ತದೆ ಎಂಬ ಅರಿವು ಅವರೊಳಗೆ ಬೇರೂರಿದ್ದು ಇಲ್ಲಿಯೇ.

ಗುರುವಿನ ಭೇಟಿ

ಮಲೇರಿಯಾ ಎಂಬ ಪದದ ಮೂಲಾರ್ಥವೇ ಕೆಟ್ಟ ಗಾಳಿ. ಜೌಗು ನೆಲದಿಂದ ಏಳುವ ವಿಷವಾಯುವೇ ಚಳಿಜ್ವರಕ್ಕೆ ಕಾರಣವೆಂದು ಶತಮಾನಗಳಿಂದ ನಂಬಲಾಗಿತ್ತು. 1880ರಲ್ಲಿ ಫ್ರೆಂಚ್ ವೈದ್ಯ ಲ್ಯಾವರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಪರೋಪಜೀವಿಯನ್ನು ಕಂಡರು. ರಾಸ್ ಬಹುಕಾಲ ಇದನ್ನು ನಂಬಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿನಲ್ಲಿದ್ದಾಗ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ಕಣ್ಣಾರೆ ತೋರಿಸಿದ ಮೇಲೆ ಸಂಶಯ ಕರಗಿತು. ಆನೆಕಾಲು ರೋಗದ ಹುಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ಮೊದಲೇ ತೋರಿಸಿದ್ದ ಮ್ಯಾನ್ಸನ್, ಮಲೇರಿಯಾಕ್ಕೂ ಸೊಳ್ಳೆಯೇ ವಾಹಕವಿರಬಹುದೆಂದು ಊಹಿಸಿದ್ದರು. ಊಹೆಯನ್ನು ಪರೀಕ್ಷೆಗೊಡ್ಡುವ ಹೊಣೆಯನ್ನು ರಾಸ್ ಹೊತ್ತುಕೊಂಡರು.

1895ರಲ್ಲಿ ಸಿಕಂದರಾಬಾದಿಗೆ ಮರಳಿದ ಅವರು ಸೊಳ್ಳೆಗಳನ್ನು ಸಾಕಿ, ರೋಗಿಗಳಿಂದ ಕಚ್ಚಿಸಿ, ಒಂದೊಂದನ್ನೂ ಸೀಳಿ ನೋಡತೊಡಗಿದರು. ಸೊಳ್ಳೆ ಸತ್ತುಬಿದ್ದ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆಯೆಂಬ ಮ್ಯಾನ್ಸನ್ ಅವರ ತಪ್ಪು ಎಣಿಕೆಯ ಬೆನ್ನು ಹತ್ತಿ ಕೆಲಕಾಲ ವ್ಯರ್ಥವಾಯಿತು. ಅದೇ ಸೆಪ್ಟೆಂಬರಿನಲ್ಲಿ ಕಾಲರಾ ತಡೆಯುವ ಕೆಲಸಕ್ಕಾಗಿ ಸರ್ಕಾರ ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಿತು. ಬಾವಿ, ಚರಂಡಿ, ಕಸದ ರಾಶಿಗಳ ನಡುವೆ ತಿರುಗುತ್ತ ಊರಿನ ನೈರ್ಮಲ್ಯವೆಂದರೆ ಏನೆಂಬುದನ್ನು ಅವರು ಕಲಿತದ್ದು ಈ ಅವಧಿಯಲ್ಲಿ.

1897ರ ಆಗಸ್ಟ್ 20

1897ರ ಏಪ್ರಿಲ್‌ನಲ್ಲಿ ಉದಕಮಂಡಲಕ್ಕೆ ಹೋಗಿದ್ದ ರಾಸ್, ಅದರ ಕೆಳಗಿನ ಸಿಗೂರು ಘಾಟಿಯಲ್ಲಿ ಮಲೇರಿಯಾ ಅಧ್ಯಯನಕ್ಕಿಳಿದು ತಾವೇ ಅದಕ್ಕೆ ತುತ್ತಾದರು. ಚೇತರಿಸಿಕೊಂಡು ಸಿಕಂದರಾಬಾದಿಗೆ ಮರಳಿದಾಗ ಕಡು ಬೇಸಿಗೆ. ಸೊಳ್ಳೆಗಳು ಹಾರಿಹೋಗುತ್ತವೆಂದು ಪಂಕ ಬೀಸಿಸಿಕೊಳ್ಳುವಂತಿರಲಿಲ್ಲ. ಬೆವರು ತಾಗಿ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆವರೆಗೆ ಸೀಳಿ ನೋಡಿದ್ದ ಬೂದು, ಕಂದು ಸೊಳ್ಳೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಆಗಸ್ಟ್‌ನಲ್ಲಿ ಚುಕ್ಕೆ ರೆಕ್ಕೆಯ ಬೇರೊಂದು ಜಾತಿಯ ಸೊಳ್ಳೆಗಳು ದೊರೆತವು. ಹುಸೇನ್ ಖಾನ್ ಎಂಬ ರೋಗಿ, ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಪಡೆದು ಮೈಯೊಡ್ಡಿದ. ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲೊಂದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳುಳ್ಳ ದುಂಡು ಕೋಶಗಳು ಕಂಡವು. ಮಲೇರಿಯಾ ಪರೋಪಜೀವಿ ಸೊಳ್ಳೆಯೊಳಗೆ ಬೆಳೆಯುವುದು ಖಚಿತವಾಯಿತು. ಆ ದಿನವೇ ಇಂದಿನ ವಿಶ್ವ ಸೊಳ್ಳೆ ದಿನ.

ಸಂತಸ ಬಹುದಿನ ಉಳಿಯಲಿಲ್ಲ. ಮರುತಿಂಗಳೇ ರಜಪೂತಾನದ ಖೇರ್ವಾಡಾಕ್ಕೆ ವರ್ಗವಾಯಿತು. 1898ರಲ್ಲಿ ಕೋಲ್ಕತ್ತಕ್ಕೆ ಬಂದು ಹಕ್ಕಿಗಳ ಮಲೇರಿಯಾವನ್ನು ಹಿಡಿದುಕೊಂಡ ರಾಸ್, ಪರೋಪಜೀವಿ ಸೊಳ್ಳೆಯ ಜೊಲ್ಲುಗ್ರಂಥಿಗೆ ಸೇರಿ ಕಚ್ಚುವಾಗ ರಕ್ತಕ್ಕಿಳಿಯುತ್ತದೆಂದು ಜುಲೈನಲ್ಲಿ ತೋರಿಸಿದರು. ಮನುಷ್ಯರ ಮಲೇರಿಯಾಕ್ಕೆ ಅನಾಫಿಲಿಸ್ ಜಾತಿಯೇ ವಾಹಕವೆಂದು ಇಟಲಿಯ ಗ್ರಾಸ್ಸಿ ಮತ್ತವರ ಸಂಗಡಿಗರು ಅದೇ ವರ್ಷ ಸಾಧಿಸಿದರು. ಶ್ರೇಯಸ್ಸು ಯಾರದೆಂಬ ಜಗಳ ರಾಸ್ ಅವರ ಉಳಿದ ಆಯುಷ್ಯವನ್ನೆಲ್ಲ ಕಹಿಯಾಗಿಸಿತು.

1899ರಲ್ಲಿ ಭಾರತ ಬಿಟ್ಟ ಅವರು ಲಿವರ್‌ಪೂಲ್‌ನಲ್ಲಿ ಅಧ್ಯಾಪಕರಾದರು. ಸಿಯೆರಾ ಲಿಯೋನ್, ಸೂಯೆಜ್ ಕಾಲುವೆಯ ದಂಡೆಯ ಇಸ್ಮಾಯಿಲಿಯಾ, ಮಾರಿಷಸ್ ಮುಂತಾದೆಡೆ ಸೊಳ್ಳೆ ನಿಯಂತ್ರಣಕ್ಕೆ ಮಾರ್ಗದರ್ಶನ ಮಾಡಿದರು. ಸೊಳ್ಳೆಯನ್ನು ಸಂಪೂರ್ಣ ನಿರ್ಮೂಲ ಮಾಡಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ಮಲೇರಿಯಾ ತಾನಾಗಿ ಕ್ಷೀಣಿಸುತ್ತದೆಂದು ಗಣಿತದ ಮೂಲಕ ತೋರಿಸಿದ್ದು ಅವರ ಮತ್ತೊಂದು ಮಹತ್ವದ ಕೊಡುಗೆ. 1911ರಲ್ಲಿ ನೈಟ್ ಪದವಿ ಬಂತು. ಮುಪ್ಪಿನಲ್ಲಿ ಹಣದ ಅಡಚಣೆಯಿಂದ ತಮ್ಮ ಕಾಗದಪತ್ರಗಳನ್ನೇ ಮಾರಾಟಕ್ಕಿಟ್ಟ ರಾಸ್, 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು.

ಘಟ್ಟದ ಮೇಲಿನ ಕಥೆ

ಅವರು ತೀರಿಕೊಂಡಾಗ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಮುಂಬಯಿ ಪ್ರಾಂತ್ಯದ ಕೆನರಾ ಜಿಲ್ಲೆಗೆ ಸೇರಿದ್ದವು. ಜ್ವರಗಡ್ಡೆಯಿಂದ ಹೊಟ್ಟೆಯುಬ್ಬಿದ ಮಕ್ಕಳು, ಪಾಳುಬಿದ್ದ ಮನೆಗಳು, ಕೊಯ್ಲಿಗೆ ಆಳು ಸಿಗದ ತೋಟಗಳು ಅಂದಿನ ಘಟ್ಟದ ಮೇಲಿನ ಸಾಮಾನ್ಯ ದೃಶ್ಯ. ಇಲ್ಲಿನ ಅಪರಾಧಿ ಪೀಪಾಯಿಯ ಸೊಳ್ಳೆಯಾಗಿರಲಿಲ್ಲ. ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಈ ಜಾತಿ ಮೊಟ್ಟೆಯಿಡುವುದು ಮೆಲ್ಲಗೆ ಹರಿಯುವ ತಿಳಿನೀರಿನ ಹಳ್ಳಗಳ ಹುಲ್ಲಂಚಿನಲ್ಲಿ. ಪ್ರವಾಸಿಗರು ಮೆಚ್ಚುವ ನೀರೇ ಅದಕ್ಕೂ ಮೆಚ್ಚು. ಯಾವ ಜಾತಿ, ಯಾವ ನೀರು ಎಂದು ತಿಳಿಯದೆ ಸೊಳ್ಳೆಯನ್ನು ಗೆಲ್ಲಲಾಗದು ಎಂಬ ರಾಸ್ ಅವರ ಅನುಭವ ಇಲ್ಲಿಗೂ ಅನ್ವಯಿಸಿತು.

ಹಳ್ಳಗಳನ್ನೆಲ್ಲ ಬತ್ತಿಸುವುದು ಸಾಧ್ಯವಿರಲಿಲ್ಲ. ಕಚ್ಚಿದ ಬಳಿಕ ಈ ಸೊಳ್ಳೆ ಮನೆ, ಕೊಟ್ಟಿಗೆಗಳ ಗೋಡೆಯ ಮೇಲೆ ಕೂರುತ್ತದೆಂಬ ತಿಳಿವಳಿಕೆಯೇ ದಾರಿ ತೋರಿತು. ಡಾ. ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಕೆನರಾ ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗೆ ಡಿಡಿಟಿ ಸಿಂಪಡಿಸಿದ ಮೊದಲ ವರ್ಷದ ಫಲಿತಾಂಶವನ್ನು 1947ರಲ್ಲಿ ಪ್ರಕಟಿಸಿದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗುವ ಮೊದಲೇ ನಡೆದ ಪ್ರಯೋಗವಿದು. ಘಟ್ಟದ ಮೇಲಿನ ಊರುಗಳು ಮತ್ತೆ ಚಿಗುರಿದ್ದರಲ್ಲಿ ಈ ಸಿಂಪಡಣೆಯ ಪಾತ್ರ ದೊಡ್ಡದು.

ಇಂದಿನ ಕಾಟೇಜಿಗೆ

ನೀರಿನ ನಡುವೆಯೇ ವಸತಿ ಕಟ್ಟಿ ಸೊಳ್ಳೆಯನ್ನು ಹತೋಟಿಯಲ್ಲಿಡಬಹುದು ಎಂಬುದಕ್ಕೆ ದೂರದ ಅಮೆರಿಕದಲ್ಲೊಂದು ನಿದರ್ಶನವಿದೆ. ಫ್ಲೋರಿಡಾದ ಒರ್ಲಾಂಡೊ ಸುತ್ತಲಿನ ಪ್ರದೇಶಕ್ಕೆ 1845ರವರೆಗೆ ಇದ್ದ ಹೆಸರೇ ಮಸ್ಕಿಟೊ ಕೌಂಟಿ. ಅಲ್ಲಿನ ಜೌಗು ನೆಲದಲ್ಲಿ 1971ರಲ್ಲಿ ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್‌ನ ನೀರಿನ ವ್ಯವಸ್ಥೆಯನ್ನು ರೂಪಿಸಿದವರು ಪನಾಮಾ ಕಾಲುವೆ ವಲಯದ ಗವರ್ನರ್ ಆಗಿದ್ದ ಜೋ ಪಾಟರ್. ಸೊಳ್ಳೆ ನಿಯಂತ್ರಣದಿಂದಲೇ ಕಾಲುವೆ ತೋಡಲು ಸಾಧ್ಯವಾದ ಆ ಪನಾಮಾಕ್ಕೆ 1904ರಲ್ಲಿ ರಾಸ್ ಕೂಡ ಭೇಟಿ ಕೊಟ್ಟಿದ್ದರು. ನೀರು ಎಲ್ಲಿಯೂ ನಿಲ್ಲದೆ ಹರಿಯುವಂತೆ ಪಾಟರ್ ಕಾಲುವೆಗಳ ಜಾಲವನ್ನೇ ನಿರ್ಮಿಸಿದರು. ಅಲ್ಲಿನ ಕೃತಕ ಸರೋವರದ ನೀರಿನ ಮೇಲೆಯೇ 2015ರಲ್ಲಿ ಬಂಗಲೆಗಳು ಬಂದವು.

ನಮ್ಮಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ, ಹೊಳೆಯನ್ನು ತಿದ್ದುವುದೂ ಬೇಕಿಲ್ಲ. ಮಲೇರಿಯಾದ ಭಯ ತಗ್ಗಿರುವ ಈ ಕಾಲದಲ್ಲಿ ಡೆಂಗಿ, ಚಿಕುನ್‌ಗುನ್ಯಗಳ ಆತಂಕವಿದೆ. ಅವುಗಳನ್ನು ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ಹೊಳೆಯಲ್ಲಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಉಯ್ಯಾಲೆಗೆ ಕಟ್ಟಿದ ಹಳೆ ಟೈರು, ಮುಚ್ಚಳವಿಲ್ಲದ ಟ್ಯಾಂಕ್, ನಿಂತುಹೋದ ಕಾರಂಜಿಗಳಲ್ಲಿ ಅದು ಮೊಟ್ಟೆಯಿಡುತ್ತದೆ. ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಬೇಕು. ಆದ್ದರಿಂದ ವಾರಕ್ಕೊಮ್ಮೆ ಇವನ್ನೆಲ್ಲ ಬರಿದು ಮಾಡುವುದು, ತೋಟದ ಬಸಿಗಾಲುವೆಯಲ್ಲಿ ನೀರು ಕಟ್ಟದಂತೆ ನೋಡಿಕೊಳ್ಳುವುದು, ಹಳ್ಳದಂಚಿನ ಕೋಣೆಯ ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ, ಮಂಚಕ್ಕೆ ಸೊಳ್ಳೆಪರದೆ ಒದಗಿಸುವುದು ಮಾಲೀಕರ ಮೊದಲ ಕರ್ತವ್ಯ. ಸಂಜೆ ಹೊಗೆ ಹಾಕಿದರೆ ಹಾರಾಡುವ ಸೊಳ್ಳೆ ಅಂದಿಗೆ ಸಾಯಬಹುದು. ಹಾಳೆಯಲ್ಲಿರುವ ಮರಿ ನಾಳೆ ಹಾರುತ್ತದೆ.

ಒಮ್ಮೆ ಜ್ವರಕ್ಕೆ ಹೆದರಿ ಜನ ತೊರೆದ ಸೀಮೆಗೆ ಇಂದು ಜನ ಹಣ ಕೊಟ್ಟು ಬರುತ್ತಿದ್ದಾರೆ. ಬಂದವರು ಜ್ವರವಿಲ್ಲದೆ ಊರಿಗೆ ಮರಳಿದರೆ ಮಾತ್ರ ಈ ಉದ್ಯಮಕ್ಕೆ ಬಾಳಿಕೆ. ಅದಕ್ಕೆ ಬೇಕಾದ ಮೊದಲ ಕೆಲಸವನ್ನು ರಾಸ್ 1883ರಲ್ಲಿಯೇ ಬೆಂಗಳೂರಿನಲ್ಲಿ ಮಾಡಿ ತೋರಿಸಿದ್ದಾರೆ. ಅದಕ್ಕೆ ಸೂಕ್ಷ್ಮದರ್ಶಕವೂ ಬೇಕಿಲ್ಲ, ನೊಬೆಲ್ ಪ್ರಶಸ್ತಿಯೂ ಬೇಕಿಲ್ಲ. ಕಿಟಕಿಯ ಹೊರಗೆ ಒಮ್ಮೆ ಬಗ್ಗಿ ನೋಡಿದರೆ ಸಾಕು.