ಮೈಕ್ ಹೈಲ್‌ವುಡ್ – ಬೈಕ್ ಓಟದ ವೀರ



ಗಾಂಧೀಜಿ, ವಿವೇಕಾನಂದರ ಬಗ್ಗೆ ಎಲ್ಲರೂ ಬರೆದಾಯ್ತು. ನಾನು ಈ ಸಲ ಬೈಕ್ ಓಡಿಸುತ್ತಿದ್ದ ಒಬ್ಬರ ಬಗ್ಗೆ ಬರೀತೇನೆ. ಕಾಪುವಿನ ನನ್ನ ಮಾವನ ಹತ್ತಿರ ಮೈಸೂರಿನಲ್ಲಿ ತಯಾರಾದ ಹಳೇ ಯೆಜ್ಡಿ ಬೈಕ್ ಉಂಟು. ಈ ಕಥೆ ಹೇಳಿದ್ದು ಅವರೇ.

ಮೈಕ್ ಹೈಲ್‌ವುಡ್ 1940ರ ಏಪ್ರಿಲ್ 2ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. ತಂದೆ ಬೈಕ್ ವ್ಯಾಪಾರಿ. 17ನೇ ವಯಸ್ಸಿಗೇ ಮೈಕ್ ಓಟಕ್ಕೆ ಇಳಿದರು. ಒಟ್ಟು 9 ಸಲ ವಿಶ್ವ ಚಾಂಪಿಯನ್ ಆದರು.

ಐಲ್ ಆಫ್ ಮ್ಯಾನ್ ಎಂಬ ದ್ವೀಪದಲ್ಲಿ ಊರಿನ ರಸ್ತೆಯಲ್ಲೇ ಓಟ ನಡೆಯುತ್ತದೆ. ಒಂದು ಸುತ್ತು 60 ಕಿ.ಮೀ. ಅಂದರೆ ಉಡುಪಿಯಿಂದ ಕಾರ್ಕಳಕ್ಕೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು! ಪಕ್ಕದಲ್ಲೇ ಕಲ್ಲಿನ ಗೋಡೆ, ಮನೆ, ಕಂಬ. ಜಾರಿದರೆ ಕಥೆ ಮುಗೀತು. ಅಲ್ಲಿ ತುಂಬಾ ಜನ ಸತ್ತಿದ್ದಾರೆ.

ಆ ಕಾಲದ ಬೈಕುಗಳು ಈಗಿನ ಹಾಗಲ್ಲ. ಟಯರ್ ಸಪೂರ. ಡ್ರಮ್ ಬ್ರೇಕ್ ಬಿಸಿಯಾದರೆ ಹಿಡಿತ ಕಡಿಮೆ. ಇಂಗ್ಲೆಂಡಿನ ಬೈಕುಗಳಿಗೆ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಮೈಕ್ ಓಡಿಸಿದ 500 ಸಿಸಿ ಹೋಂಡಾ ಬೈಕಿಗೆ ಇಂಜಿನ್ ಬಲ ಜಾಸ್ತಿ, ಆದರೆ ಚೌಕಟ್ಟು ಗಟ್ಟಿ ಇಲ್ಲ. ಹೊಂಡದ ಮೇಲೆ ಹೋದರೆ ಹಾವಿನ ಹಾಗೆ ಬಳುಕುತ್ತಿತ್ತಂತೆ. ಅದರಲ್ಲೇ ಅವರು 1967ರಲ್ಲಿ ಒಂದು ಸುತ್ತನ್ನು 21 ನಿಮಿಷದೊಳಗೆ ಮುಗಿಸಿ ಗೆದ್ದರು. ಆ ದಿನ ಆಕ್ಸಿಲರೇಟರ್ ಹಿಡಿ ಕೂಡ ಸಡಿಲವಾಗಿತ್ತಂತೆ!

ಆಮೇಲೆ ಅವರು ಕಾರು ಓಟಕ್ಕೆ ಹೋದರು. 1973ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೆಗಝೋನಿ ಎಂಬವರ ಕಾರಿಗೆ ಬೆಂಕಿ ಬಿತ್ತು. ಮೈಕ್ ಓಟ ಬಿಟ್ಟು ಓಡಿದರು. ಅವರ ಬಟ್ಟೆಗೂ ಬೆಂಕಿ ಹತ್ತಿತು. ಅದನ್ನು ನಂದಿಸಿಕೊಂಡು ಪುನಃ ಹೋಗಿ ಆತನನ್ನು ಎಳೆದು ಉಳಿಸಿದರು. ಅದಕ್ಕೆ ಜಾರ್ಜ್ ಪದಕ ಸಿಕ್ಕಿತು. ನನಗೆ ಎಲ್ಲಕ್ಕಿಂತ ಇಷ್ಟವಾದ್ದು ಇದೇ. ಮರುವರ್ಷ ಜರ್ಮನಿಯಲ್ಲಿ ಅಪಘಾತವಾಗಿ ಅವರ ಕಾಲಿಗೆ ದೊಡ್ಡ ಪೆಟ್ಟಾಯಿತು. ಆದರೂ 1978ರಲ್ಲಿ, 11 ವರ್ಷದ ನಂತರ, ಅದೇ ದ್ವೀಪಕ್ಕೆ ಬಂದು ಡುಕಾಟಿ ಬೈಕಿನಲ್ಲಿ ಗೆದ್ದರು.

ಮಾವ ಇಷ್ಟು ಹೇಳಿ ನಿಲ್ಲಿಸಿದ್ರು. ಅವರು ಸತ್ತದ್ದು ಹೇಗೆ ಅಂತ ನಾನೇ ಕೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ್ರು. ಓಟದಲ್ಲಿ ಅಲ್ಲ. 1981ರ ಮಾರ್ಚ್‌ನಲ್ಲಿ ಅವರು ಇಬ್ಬರು ಮಕ್ಕಳ ಜೊತೆ ಕಾರಿನಲ್ಲಿ ಊಟದ ತಿಂಡಿ ತರಲಿಕ್ಕೆ ಹೊರಟಿದ್ದರು. ತಿರುಗಬಾರದ ಜಾಗದಲ್ಲಿ ಒಂದು ಲಾರಿ ತಿರುಗಿತು. ಒಂಬತ್ತು ವರ್ಷದ ಮಗಳು ತೀರಿಕೊಂಡಳು. ಎರಡು ದಿನದ ನಂತರ ಮೈಕ್ ಕೂಡ ತೀರಿಕೊಂಡರು. ಮಗ ಉಳಿದ.

ಕಾಪುವಿನ ಹೆದ್ದಾರಿಯಲ್ಲಿ ಮಾವ ಯಾವಾಗಲೂ ಪೆಟ್ರೋಲ್ ಉಳಿಸಲಿಕ್ಕೆ ರಾಂಗ್ ಸೈಡಿನಲ್ಲಿ ಬರುತ್ತಿದ್ದರು. ಹೆಲ್ಮೆಟ್ ಹ್ಯಾಂಡಲಿನಲ್ಲಿ. ಹಿಂದೆ ನಾನು. ಕಥೆ ಹೇಳಿದ ಮರುದಿನ ಅವರು ಏನೂ ಮಾತಾಡದೆ ಹೆಲ್ಮೆಟ್ ಹಾಕಿ, ದೂರದ ತಿರುವಿನ ತನಕ ಹೋಗಿ ತಿರುಗಿಸಿದರು. ನಾನೂ ಮಾತಾಡಲಿಲ್ಲ.

ಗೆಳೆಯರೇ, ಅಷ್ಟು ದೊಡ್ಡ ವೀರನಿಗೂ ಬೇರೆಯವರ ತಪ್ಪನ್ನು ತಡೆಯಲಿಕ್ಕೆ ಆಗಲಿಲ್ಲ. ನಮ್ಮ ತಪ್ಪನ್ನಾದರೂ ನಾವು ತಡೆಯಬಹುದಲ್ವಾ? ಮನೆಯಲ್ಲಿ ಬೈಕ್ ಇರುವವರು ಈ ಕಥೆಯನ್ನು ಹೇಳಿ.

– 7ನೇ ತರಗತಿ