ಪೇ ಸ್ಲಿಪ್‌ನಲ್ಲಿ ಸಿಕ್ಕ ಪರ್ಕಿನ್ಸ್

ಅಮೆರಿಕದಲ್ಲಿ ಎಂ.ಎಸ್. ಓದುವಾಗ ನಮ್ಮ ಯೂನಿವರ್ಸಿಟಿ ಲೈಬ್ರರಿಯಲ್ಲೇ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದೆ. ಹೊರಗೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಅಲ್ಲಿನ ಸಹಪಾಠಿಯ ಪೇ ಸ್ಲಿಪ್‌ನಲ್ಲಿ ‘ಫೈಕಾ’ ಎಂದು 100 ಡಾಲರಿಗೆ 7.65 ಡಾಲರ್ ಕಡಿತವಾಗಿತ್ತು. ನನ್ನದರಲ್ಲಿ ಸೊನ್ನೆ. ಯಾಕೆಂದು ಹುಡುಕುತ್ತಾ ಹೋದಾಗ ಸಿಕ್ಕವರು ಫ್ರಾನ್ಸಿಸ್ ಪರ್ಕಿನ್ಸ್.

1880ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಅವರು ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಓದಿದ್ದು ಭೌತವಿಜ್ಞಾನ. ಕೊನೆಯ ವರ್ಷ ಅರ್ಥಶಾಸ್ತ್ರದ ಪಾಠಕ್ಕೆಂದು ಕಾರ್ಖಾನೆಗಳನ್ನು ನೋಡಲು ಹೋದದ್ದು ಬದುಕಿನ ದಾರಿಯನ್ನೇ ಬದಲಿಸಿತು. 1911ರ ಮಾರ್ಚ್ 25ರಂದು ನ್ಯೂಯಾರ್ಕ್‌ನಲ್ಲಿ ಗೆಳತಿಯ ಮನೆಗೆ ಚಹಾಕ್ಕೆ ಹೋಗಿದ್ದಾಗ ಹತ್ತಿರದ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಓಡಿ ಹೋಗಿ ನೋಡಿದರೆ, ಕೆಲಸಗಾರರು ಮೇಲಿನ ಮಹಡಿಗಳಿಂದ ಜಿಗಿಯುತ್ತಿದ್ದರು. ಹೊರಬರುವ ಬಾಗಿಲಿಗೆ ಬೀಗ ಹಾಕಿತ್ತು. ಸತ್ತ 146 ಜನರಲ್ಲಿ ಹೆಚ್ಚಿನವರು ನಮ್ಮದೇ ವಯಸ್ಸಿನ ಹೆಣ್ಣುಮಕ್ಕಳು.

1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾರ್ಮಿಕ ಸಚಿವೆಯಾಗಲು ಕರೆದಾಗ ಪರ್ಕಿನ್ಸ್ ಕೂಡಲೇ ಹೂಂ ಅನ್ನಲಿಲ್ಲ. ಕನಿಷ್ಠ ವೇತನ, ನಿರುದ್ಯೋಗ ವಿಮೆ, ವೃದ್ಧಾಪ್ಯ ಪಿಂಚಣಿ ಎಂದು ಬೇಡಿಕೆಗಳ ಪಟ್ಟಿ ಮುಂದಿಟ್ಟರು. ಇಂಟರ್‌ವ್ಯೂನಲ್ಲಿ ಸಂಬಳ ಕೇಳಲೂ ತಡವರಿಸುವ ನನಗೆ ಈ ಪ್ರಸಂಗವೆಂದರೆ ಬಲು ಇಷ್ಟ. ಹೀಗೆ ಅವರು ಅಮೆರಿಕದ ಸಂಪುಟದ ಮೊದಲ ಮಹಿಳೆಯಾದರು.

ಆದರೆ ಇಡೀ ದೇಶಕ್ಕೆ ವಿಮೆ ತರಲು ಸಂವಿಧಾನದಲ್ಲಿ ದಾರಿ ಯಾವುದು? ಟೀ ಪಾರ್ಟಿಯೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್, ತೆರಿಗೆ ಹಾಕುವ ಅಧಿಕಾರವೇ ಸಾಕೆಂದು ಕಿವಿಯಲ್ಲಿ ಉಸುರಿದರಂತೆ. ಪಿಂಚಣಿಗೆ ಕಟ್ಟುವ ಕಂತು ಇಂದಿಗೂ ತೆರಿಗೆಯ ವೇಷದಲ್ಲಿದೆ. 1935ರ ಆಗಸ್ಟ್ 14ರಂದು ಸೋಷಿಯಲ್ ಸೆಕ್ಯುರಿಟಿ ಕಾಯ್ದೆಗೆ ಸಹಿ ಬಿತ್ತು. 1937ರಿಂದ ಕೆಲಸಗಾರರ ಸಂಬಳದಲ್ಲಿ ಶೇ 1 ಕಡಿತ, ಮಾಲೀಕರಿಂದಲೂ ಅಷ್ಟೇ. ಈಗ ಇಬ್ಬರದೂ ತಲಾ ಶೇ 6.2, ಅದರ ಜೊತೆಗೆ ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇ 1.45. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಆ ಕಾಯ್ದೆ ಹೊರಗಿಟ್ಟಿತ್ತು. ಅಷ್ಟು ದುಡಿದ ಮೇಲೂ ಇಂಥ ಕೊರತೆ ಉಳಿದದ್ದು ನನಗೆ ಬೇಸರದ ಸಂಗತಿ.

ತಾನು ಓದುವ ಸಂಸ್ಥೆಯಲ್ಲೇ ದುಡಿಯುವ ವಿದ್ಯಾರ್ಥಿಗೆ 1939ರಲ್ಲಿ ವಿನಾಯಿತಿ ಸಿಕ್ಕಿತು. ನನ್ನ ಸೊನ್ನೆಯ ಗುಟ್ಟು ಅದೇ. ಆದಾಯ ತೆರಿಗೆ ಮಾತ್ರ ಬೇರೆ, ಅದಕ್ಕೆ ಈ ವಿನಾಯಿತಿ ಇಲ್ಲ. ಎಫ್-1 ವೀಸಾದವರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ, ಅನುಮತಿ ಪಡೆದು ಹೊರಗೆ ಕೆಲಸ ಮಾಡಿದರೂ, ಫೈಕಾ ಇಲ್ಲ. ಹಾಗಿದ್ದೂ ಓದು ಮುಗಿಸಿ ಸೇರಿದ ಮೊದಲ ಕಂಪನಿ ನಾಲ್ಕು ತಿಂಗಳು ಕಡಿತ ಮಾಡಿತ್ತು. ಕೈಗೆ ಬಂದ ಮೊತ್ತವನ್ನಷ್ಟೇ ನೋಡುತ್ತಿದ್ದ ನನಗೆ ಅದು ಕಾಣಲೇ ಇಲ್ಲ! ನಿಯಮ ತೋರಿಸಿ ಬರೆದ ಮೇಲೆ ಹಣ ಮರಳಿಸಿದರು. ಕಂಪನಿ ಕೊಡದಿದ್ದರೆ 843ನೇ ನಮೂನೆಯಲ್ಲಿ ತೆರಿಗೆ ಇಲಾಖೆಗೇ ಅರ್ಜಿ ಹಾಕಬಹುದು.

ಪರ್ಕಿನ್ಸ್‌ಗೂ ಸಂಬಳದ ಬೆಲೆ ಚೆನ್ನಾಗಿ ಗೊತ್ತಿತ್ತು. ಪತಿಗೆ ಮಾನಸಿಕ ಕಾಯಿಲೆ. ಸಂಸಾರ ನಡೆದದ್ದು ಅವರ ದುಡಿಮೆಯಿಂದ. ಕೊನೆಗಾಲದಲ್ಲಿ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಾ ಅಲ್ಲಿನ ಟೆಲ್ಯುರೈಡ್ ಹೌಸ್ ಎಂಬ ವಿದ್ಯಾರ್ಥಿ ನಿಲಯದಲ್ಲಿ ಹುಡುಗರ ಜೊತೆಗೇ ಇದ್ದರು. 1965ರ ಮೇ 14ರಂದು ತೀರಿಕೊಂಡಾಗಲೂ ಅವರು ಅಲ್ಲಿ ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ.